ಒಂದು ವಾರ ರೆಸ್ಟ್ ತಗೊಳ್ಳಿ ಅಂದರು

ಆಗಸ್ಟ್ ಕೊನೆಯಲ್ಲಿ ಜಿಮ್ಮಿನ ಹುಡುಗ ಹೇಳಿದ, "ಅಕ್ಕಾ, ಮುಂದಿನ ವಾರ ನಿಮಗೆ ಡೀಲೋಡ್. ಎತ್ತೋ ಭಾರ ಅರ್ಧ ಮಾಡಿ, ಸೆಟ್ ಕಮ್ಮಿ ಮಾಡಿ. ಊಟದಲ್ಲೂ ಡಯಟ್ ಬ್ರೇಕ್. ಚೆನ್ನಾಗಿ ನಿದ್ದೆ ಮಾಡಿ, ಅಷ್ಟೇ." ಮದುವೆಯಾಗಿ ಕೊಡಗಿಗೆ ಬಂದ ಮೇಲೆ ನನಗೆ ಇಷ್ಟು ಒಳ್ಳೆಯ ಮಾತು ಯಾರೂ ಹೇಳಿರಲಿಲ್ಲ. ಇವನೂ ಫೀಸ್ ತಗೊಂಡೇ ಹೇಳಿದ್ದು, ಅದು ಬೇರೆ ವಿಷಯ.

ಅವನು ಹೇಳಿದ್ದರಲ್ಲಿ ತಪ್ಪೇನಿಲ್ಲ. ವಾರಗಟ್ಟಲೆ ಭಾರ ಎತ್ತಿದರೆ ಮಾಂಸಖಂಡ ಮಾತ್ರ ಅಲ್ಲ, ಕೀಲುಗಳೂ ದಣಿಯುತ್ತವೆ. ಅದಕ್ಕೇ ನಾಲ್ಕರಿಂದ ಎಂಟು ವಾರಕ್ಕೊಮ್ಮೆ ಒಂದು ವಾರ ಹಗುರ ಮಾಡಿಕೊಳ್ಳುವುದು ಈ ಲೋಕದಲ್ಲಿ ರೂಢಿ. ಅಷ್ಟಕ್ಕೆ ಗಳಿಸಿದ ಶಕ್ತಿಯೇನೂ ಕರಗಿ ಹೋಗುವುದಿಲ್ಲ. ಎರಡು ಮೂರು ವಾರ ಪೂರ್ತಿ ಬಿಟ್ಟರೂ ಎತ್ತುವ ತಾಕತ್ತು ಹೆಚ್ಚುಕಮ್ಮಿ ಹಾಗೇ ಇರುತ್ತದೆ. ದಮ್ಮು ಮಾತ್ರ ಬೇಗ ಇಳಿಯುತ್ತದೆ. ಹಾಗಾಗಿ ನಡೆಯೋದು ನಿಲ್ಲಿಸಬೇಡಿ ಅಂದ. "ಏರು ಬೇಡ ಅಕ್ಕಾ, ಸಮ ಇರೋ ರಸ್ತೇಲಿ ಆರಾಮಾಗಿ ನಡೀರಿ." ಮಡಿಕೇರಿಯಲ್ಲಿ ಸಮ ಇರೋ ರಸ್ತೆ! ಇಲ್ಲಿ ಅರ್ಧ ಲೀಟರ್ ಹಾಲು ತರೋಕೆ ಹೋದರೂ ಒಂದು ಏರು, ಒಂದು ಇಳಿಜಾರು. ಹುಡುಗ ಮೈಸೂರಲ್ಲಿ ಕೋರ್ಸ್ ಮಾಡಿ ಬಂದವನು, ಪಾಪ.

ಇನ್ನು ಡಯಟ್ ಬ್ರೇಕ್. ಮನಸ್ಸಿಗೆ ಬಂದಿದ್ದೆಲ್ಲ ತಿನ್ನೋದು ಅಂತ ನೀವು ಅಂದುಕೊಂಡಿದ್ದರೆ ನಮ್ಮ ಬೀದಿಯವರೂ ಹಾಗೇ ಅಂದುಕೊಂಡಿದ್ದು. ನಿಜಕ್ಕೂ ಅದು ತೂಕ ಏರದೆ, ಇಳಿಯದೆ ಇರೋಕೆ ಮೈಗೆ ಎಷ್ಟು ಬೇಕೋ ಅಷ್ಟು ಊಟ. ಆಸ್ಟ್ರೇಲಿಯಾದಲ್ಲಿ ಇದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. 2017ರಲ್ಲಿ ಪ್ರಕಟವಾದ ಅಧ್ಯಯನ, ಬೊಜ್ಜು ಬಂದ 51 ಗಂಡಸರು. ಒಂದು ಗುಂಪು 16 ವಾರ ಒಂದೇ ಸಮನೆ ಡಯಟ್ ಮಾಡಿತು. ಇನ್ನೊಂದು ಗುಂಪಿಗೂ ಅದೇ 16 ವಾರದ ಡಯಟ್, ಆದರೆ ಎರಡು ವಾರ ಡಯಟ್, ಎರಡು ವಾರ ಬ್ರೇಕ್ ಅಂತ ಬಿಡಿಸಿ ಬಿಡಿಸಿ. ಬಿಡಿಸಿ ಮಾಡಿದವರೇ ಜಾಸ್ತಿ ಇಳಿದರು. 2021ರಲ್ಲಿ ಅಲ್ಲಿಯವರೇ ಭಾರ ಎತ್ತಿ ಅಭ್ಯಾಸ ಇರುವವರನ್ನು ಹಿಡಿದು ಬೇರೆ ರೀತಿ ನೋಡಿದರು. ಕೊಬ್ಬು ಕರಗಿದ್ದರಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ, ಬ್ರೇಕ್ ತಗೊಂಡವರಿಗೆ ಹಸಿವಿನ ಕಾಟ ಮಾತ್ರ ಕಮ್ಮಿ ಇತ್ತು. ನನಗೆ ಮೊದಲನೇ ಅಧ್ಯಯನ ಇಷ್ಟ. ನಮ್ಮವರಿಗೆ ಎರಡನೇದು.

ಮನೆಯಲ್ಲಿ ಈ ಸುದ್ದಿ ಹೇಳಿದ್ದು ರಾತ್ರಿ ಊಟದ ಹೊತ್ತಿಗೆ. ಅತ್ತೆ ಗಮನ ಇಟ್ಟು ಕೇಳಿದರು. ಕೊನೆಗೆ ಅವರ ಕಿವಿಗೆ ಉಳಿದಿದ್ದು ಒಂದೇ: ಸೊಸೆ ಒಂದು ವಾರ ಫ್ರೀ.

ಜೂನ್‌ನಿಂದ ಮಳೆ ಕುಡಿದ ಅಂಗಳ ಹೇಗಿರುತ್ತದೆ ಅಂತ ಕೊಡಗಿನವರಿಗೆ ಹೇಳಬೇಕಾಗಿಲ್ಲ. ಪಾಚಿ ಮೊದಲು ಹಸಿರಾಗಿ ಕಲ್ಲಿನ ಸಂದಿಯಲ್ಲಿ ಬರುತ್ತದೆ, ಆಮೇಲೆ ಕಪ್ಪಾಗಿ ಕಲ್ಲಿನ ಮೇಲೇ ಕೂರುತ್ತದೆ. ಆಗಸ್ಟ್ ಹೊತ್ತಿಗೆ ಗಟ್ಟಿಮುಟ್ಟಾದ ಗಂಡಸರೂ ಕೈ ಚಾಚಿಕೊಂಡು ಬಾಗಿಲಿಗೆ ಬರುತ್ತಾರೆ. ಹಬ್ಬದೊಳಗೆ ಅದನ್ನು ತೆಗೀಬೇಕು. ಹಿಂದಿನ ರಾತ್ರಿ ಬ್ಲೀಚಿಂಗ್ ಪೌಡರ್ ಎರಚಿ, ಬೆಳಿಗ್ಗೆ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಕುಕ್ಕರಗಾಲಲ್ಲಿ ಕೂತು, ಸವೆದ ಕಡ್ಡಿ ಪೊರಕೆಯಿಂದ ಉಜ್ಜಬೇಕು. ಹೊಸ ಪೊರಕೆ ಆಗಲ್ಲ, ಕಡ್ಡಿ ಬಾಗುತ್ತದೆ. ಅರ್ಧ ಸವೆದು ಗಿಡ್ಡ ಆಗಿರೋದೇ ಬೇಕು. ಅತ್ತೆ ಅಂಥದ್ದನ್ನು ವರ್ಷಪೂರ್ತಿ ಕಾಪಾಡಿ ಇಟ್ಟಿರುತ್ತಾರೆ.

ಜಿಮ್ಮಿನಲ್ಲಿ ಹನ್ನೆರಡು ಸಲ ಕೂತು ಎದ್ದರೆ ಹುಡುಗ "ಸೂಪರ್ ಅಕ್ಕಾ, ನೀರು ಕುಡೀರಿ" ಅನ್ನುತ್ತಾನೆ. ಅತ್ತೆ ಸಲ ಎಣಿಸೋದಿಲ್ಲ, ಕಲ್ಲು ಎಣಿಸುತ್ತಾರೆ. ಜಗಲಿಯಲ್ಲಿ ಕಾಫಿ ಲೋಟ ಹಿಡಿದು ಕೂತು, "ಆ ಮೂಲೆ ಬಿಟ್ಟೆ ನೋಡು" ಅನ್ನುತ್ತಾರೆ. ಅಂಗಳ ಮುಗಿದ ಮೇಲೆ ಮೆಟ್ಟಿಲು. ಮೆಟ್ಟಿಲಾದ ಮೇಲೆ ಗಾಳಿಗೆ ಬಿದ್ದ ಸಿಲ್ವರ್ ಓಕ್ ಕೊಂಬೆ ಕಡಿಸಿದ್ದನ್ನು ಸೌದೆ ಕೊಟ್ಟಿಗೆಗೆ ಸಾಗಿಸುವುದು. "ನಿಧಾನಕ್ಕೆ ಮಾಡು, ನಿನಗೆ ರೆಸ್ಟ್ ಅಲ್ವಾ?" ಅಂತ ಬೇರೆ.

ಮೈಕೈ ನೋವಿಗೆ ಒಂದು ಗುಣ ಇದೆ. ಕೆಲಸ ಮಾಡಿದ ದಿನ ಸುಮ್ನೆ ಇರುತ್ತದೆ, ಒಂದೆರಡು ದಿನ ಬಿಟ್ಟು ಜೋರಾಗುತ್ತದೆ. ಆ ಲೆಕ್ಕದಲ್ಲಿ ನನ್ನ ತೊಡೆ ನೋವು ಸರಿಯಾಗಿ ಸೆಪ್ಟೆಂಬರ್ 3ರ ಬೆಳಿಗ್ಗೆ ಬಂತು. ಅವತ್ತು ಕೈಲ್ ಮುಹೂರ್ತ, ಕೊಡವರು ಕೈಲ್ ಪೊಳ್ದ್ ಅನ್ನೋ ಆಯುಧ ಪೂಜೆಯ ಹಬ್ಬ.

ಪಕ್ಕದ ಮನೆ ಸುಬೇದಾರ್ ಅಂಕಲ್ ಊಟಕ್ಕೆ ಕರೆದಿದ್ದರು. ಅವರ ಮನೆಯಲ್ಲಿ ಕೋವಿಗೆ ತೋಕ್ ಪೂ ಅನ್ನೋ ಹೂವು ಕಟ್ಟಿ, ಕತ್ತಿಯ ಜೊತೆ ಪೂಜೆಗೆ ಇಟ್ಟಿದ್ದರು. ನಾನು ಗೋಡೆ ಹಿಡಿದು ಕೂರುವುದನ್ನು ನೋಡಿ ವಿಷಯ ಕೇಳಿದರು. ಡೀಲೋಡ್ ಅಂದೆ. ಅಂಕಲ್ ನಕ್ಕರು. "ಇದೇನು ಹೊಸದಾ? ಗದ್ದೆ ನಾಟಿ ಮುಗಿಯೋ ತನಕ ಕೋವಿ ಒಳಗೆ, ಜನ ಕೆಸರಲ್ಲಿ. ನಾಟಿ ಮುಗೀತು, ಕೈಲ್ ಪೊಳ್ದ್ ಬಂತು. ತಿನ್ನು, ಆಡು, ತೆಂಗಿನಕಾಯಿಗೆ ಗುಂಡು ಹೊಡಿ. ಫೌಜಲ್ಲೂ ಭಾನುವಾರ ಪಿ.ಟಿ. ಇಲ್ಲಮ್ಮ." ಇಷ್ಟು ಹೇಳಿದ ಮನುಷ್ಯ ನಿವೃತ್ತಿ ಆದಾಗಿನಿಂದ ಮಳೆಗಾಲದಲ್ಲೂ ಒಂದು ದಿನ ವಾಕಿಂಗ್ ತಪ್ಪಿಸಿಲ್ಲ ಅನ್ನೋದು ಇಡೀ ಬೀದಿಗೆ ಗೊತ್ತು.

ಆಂಟಿಗೆ ಅತ್ತೆಯಿಂದ ಆಗಲೇ ಫೋನ್ ಹೋಗಿತ್ತು. ಡಯಟ್ ಬ್ರೇಕ್ ಅನ್ನೋದು ಕಾಂಪೌಂಡ್ ಗೋಡೆ ದಾಟುವಷ್ಟರಲ್ಲಿ "ಡಯಟ್ ಬಿಟ್ಟಳಂತೆ" ಆಗಿತ್ತು. "ಅಂತೂ ಬುದ್ಧಿ ಬಂತಲ್ಲ ಮಗ" ಅಂತ ಕಡಂಬುಟ್ಟು, ಅಂದರೆ ಅಕ್ಕಿ ತರಿಯ ಉಂಡೆ, ಇಟ್ಟರು. ಅದರ ಮೇಲೆ ಹಂದಿ ಮಾಂಸದ ಪಂದಿ ಕರಿ, ಕಾಚಂಪುಳಿ ಅನ್ನೋ ಹುಳಿ ಬಿದ್ದು ಕಪ್ಪಗೆ ಹೊಳೆಯುತ್ತಿತ್ತು. ಸಾಕು ಅಂತ ತಟ್ಟೆಗೆ ಕೈ ಅಡ್ಡ ಇಟ್ಟರೆ ಬೆರಳ ಸಂದಿಯಲ್ಲೇ ಇನ್ನೊಂದು ಕಡಂಬುಟ್ಟು ಇಳಿಯಿತು. ನಾನು ಮೇಜಿನ ಕೆಳಗೆ ಮೊಬೈಲ್ ಹಿಡಿದು ಕ್ಯಾಲೊರಿ ಲೆಕ್ಕ ಹಾಕೋ ಆ್ಯಪ್‌ನಲ್ಲಿ ಹುಡುಕಿದೆ. ಅದಕ್ಕೆ ಕಡಂಬುಟ್ಟು ಗೊತ್ತಿಲ್ಲ. ಇಡ್ಲಿ ಇರಬಹುದಾ ಅಂತ ಕೇಳಿತು. ಇರಲಿ ಬಿಡು ಅಂತ ಒಪ್ಪಿಕೊಂಡೆ. ಹತ್ತಿರದ ನೆಂಟಸ್ತಿಕೆಯೇ.

ವಾರದ ಕೊನೆಗೆ ತೂಕ ನೋಡಿದರೆ ಏರಿತ್ತು. ಇದಕ್ಕೂ ಕಾರಣ ಇದೆ. ಅಕ್ಕಿ, ಗೋಧಿ ಜಾಸ್ತಿ ತಿಂದಾಗ ಮೈ ಅದನ್ನು ಗ್ಲೈಕೋಜನ್ ಮಾಡಿ ಕೂಡಿಡುತ್ತದೆ. ಒಂದು ಗ್ರಾಂ ಗ್ಲೈಕೋಜನ್ ಜೊತೆ ಸುಮಾರು ಮೂರು ಗ್ರಾಂ ನೀರೂ ಸೇರುತ್ತದೆ. ಉಪ್ಪು ಜಾಸ್ತಿ ಬಿದ್ದರೆ ಇನ್ನಷ್ಟು ನೀರು. ಹಾಗಾಗಿ ನಾಲ್ಕು ದಿನದಲ್ಲಿ ಏರಿದ ಒಂದೂವರೆ ಎರಡು ಕಿಲೋ ಬಹುಪಾಲು ನೀರೇ, ಕೊಬ್ಬಲ್ಲ. ಇದನ್ನು ನಮ್ಮವರಿಗೆ ವಿವರಿಸಿದೆ. "ಹೌದೌದು, ಈ ವರ್ಷ ಮಳೆನೂ ಜಾಸ್ತಿ" ಅಂದರು.

ಆಮೇಲೆ ಒಂದು ತೀರ್ಮಾನ ಮಾಡಿದೆ. ಇಲ್ಲಿ ಬ್ರೇಕ್ ಯಾವಾಗ ಅಂತ ಕ್ಯಾಲೆಂಡರ್ ನೋಡಿ ಮೊದಲೇ ಗುರುತು ಹಾಕಿಟ್ಟುಕೊಳ್ಳಬೇಕು, ಹಬ್ಬದ ಮೇಲೆಯೇ ಹಾಕಬೇಕು. ಹೇಗಿದ್ದರೂ ತಿನ್ನಿಸೋರು ತಿನ್ನಿಸದೆ ಬಿಡಲ್ಲ. ಮುಂದಿನದು ಹೊಸ ಭತ್ತದ ಹಬ್ಬ ಹುತ್ತರಿಗೆ ಅಂತ ಗುರುತು ಹಾಕಿದೆ. ಅಲ್ಲಿಯ ತನಕ ನೆಟ್ಟಗೆ ನಡೆಯಿತು. ಹುತ್ತರಿ ರಾತ್ರಿ "ಪೊಲಿ ಪೊಲಿ ದೇವಾ" ಅಂತ ಕದಿರು ತಂದರು, ಬಾಳೆಹಣ್ಣು ಕಲಸಿದ ತಂಬುಟ್ಟಿಗೆ ತುಪ್ಪ ಸುರಿದುಕೊಂಡು ತಿಂದೆವು. ಸಮಾಧಾನದ ತಿನ್ನಾಟ.

ಆದರೆ ಮಾರನೇ ದಿನ ನೋಡಿದರೆ ಮನೆಯ ತೂಕದ ಯಂತ್ರದ ಸೆಲ್ ಖಾಲಿ. ಅರೇಬಿಕಾ ಕೊಯ್ಲು ಶುರುವಾಗಿ ನಮ್ಮ ತೋಟದ ಗೋದಾಮಿನಲ್ಲಿ ಕಾಫಿ ಹಣ್ಣು ತೂಗುವ ದೊಡ್ಡ ಯಂತ್ರ ಇಟ್ಟಿದ್ದರು. ಸಂಜೆ ಹೋದೆ. ಕೊಯ್ಲಿನವರೆಲ್ಲ ಚೀಲ ತೂಗಿಸಿ, ಕಿಲೋ ಬರೆಸಿ ಹೋಗಲಿ ಅಂತ ಕಾದೆ. ಕೊನೆಗೆ ತೋಟದ ಲೆಕ್ಕ ಬರೆಯೋ ರೈಟ್ರು ಒಬ್ಬರೇ ಉಳಿದರು. ಬಲ್ಬಿನ ಕೆಳಗೆ ಪುಸ್ತಕ ಬಿಚ್ಚಿಕೊಂಡು ಬೀಡಿ ಹಚ್ಚುತ್ತಿದ್ದರು. ಚಪ್ಪಲಿ ಬಿಟ್ಟು ಹತ್ತಿದೆ. ಅವರು ತಲೆ ಎತ್ತಲಿಲ್ಲ. ವರ್ಷಗಳ ಅಭ್ಯಾಸ, ಮುಳ್ಳು ನಿಂತ ಸದ್ದಿಗೇ ಕಣ್ಣು ಹೊರಳಿಸಿ, ಗೇಟಿನ ತನಕ ಕೇಳೋ ಹಾಗೆ ಕಿಲೋ ಕೂಗಿ, ಬರೆದುಕೊಂಡರು. ಎಷ್ಟು ಅಂತ ಇಲ್ಲಿ ಹೇಳಲ್ಲ. ಅದು ಆಗಲೇ ಒಂದು ಕಡೆ ಬರೆದಾಗಿದೆ.

ರಾತ್ರಿ ನಮ್ಮವರು ಪುಸ್ತಕ ತಂದು ಲೆಕ್ಕಕ್ಕೆ ಕೂತರು. ಎರಡು ಸಲ ಕೂಡಿದರು. ಟಾರ್ಚ್ ಹಿಡಿದು ಗೋದಾಮಿಗೆ ಹೋಗಿ ಬಂದರು.

"ಒಂದು ಚೀಲ ಕಮ್ಮಿ ಬರ್ತಿದೆಯಮ್ಮ," ಅಂದರು ಅತ್ತೆಗೆ.

"ಯಾರಾದ್ರೂ ಹೊತ್ಕೊಂಡು ಹೋದ್ರಾ ಏನು?"

ನಮ್ಮವರು ಇನ್ನೊಮ್ಮೆ ಆ ಸಾಲಿನ ಮೇಲೆ ಬೆರಳಿಟ್ಟು ನೋಡಿದರು. "ಇಷ್ಟು ತೂಕ ಒಬ್ಬನ ಕೈಲಿ ಆಗಲ್ಲ. ಇಬ್ಬರಾದ್ರೂ ಬಂದಿರಬೇಕು."