3 ದಿನದ ಕ್ಯಾಂಪಿನಿಂದ ಮಗುವಿನ ಭಯ ಹೋಗುತ್ತಾ? ಸತ್ಯಾಂಶ

ಬೇಸಿಗೆ ರಜೆ ಬಂದರೆ ಸಾಕು, ನಮ್ಮ ಅಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪಿಗೆ ಈ ಫಾರ್ವರ್ಡ್ ಬರುತ್ತದೆ: ಮಗುವನ್ನು 3 ದಿನ ಅಡ್ವೆಂಚರ್ ಕ್ಯಾಂಪಿಗೆ ಕಳಿಸಿ, ಅತ್ತರೂ ಫೋನ್ ಎತ್ತಬೇಡಿ, ಭಯ ಜೀವನಪೂರ್ತಿ ಹೋಗುತ್ತದೆ ಅಂತ. ಇದು ನಿಜವಲ್ಲ.

ಕ್ಯಾಂಪ್ ಕೆಟ್ಟದ್ದು ಅನ್ನುತ್ತಿಲ್ಲ. ರಾಮನಗರದ ಬಂಡೆ ಹತ್ತಿದ ಮಗುವಿನ ಮುಖ ನೋಡುವುದೇ ಒಂದು ಖುಷಿ. ಆದರೆ 1997ರಲ್ಲಿ ಶಿಕ್ಷಣ ಸಂಶೋಧಕ ಜಾನ್ ಹ್ಯಾಟಿ ಮತ್ತು ಸಂಗಡಿಗರು ಇಂಥ ಕಾರ್ಯಕ್ರಮಗಳ ಮೇಲಿನ 96 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, 20 ದಿನಕ್ಕಿಂತ ಜಾಸ್ತಿ ನಡೆದವುಗಳಲ್ಲೇ ಪರಿಣಾಮ ಹೆಚ್ಚು ಕಂಡಿತು.

ಇನ್ನು ಅಳಲು ಬಿಡುವ ಮಾತು. ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಮನಶ್ಶಾಸ್ತ್ರಜ್ಞೆ ಎಮ್ಮಿ ವರ್ನರ್ ದಶಕಗಳ ಕಾಲ ಗಮನಿಸಿದರು. ಬಡತನ, ಮನೆಯ ಜಗಳ ಹೀಗೆ ಹಲವು ಕಷ್ಟ ಒಟ್ಟಿಗೆ ಇದ್ದ ಮಕ್ಕಳಲ್ಲೂ ಸುಮಾರು ಮೂರರಲ್ಲಿ ಒಬ್ಬರು ಚೆನ್ನಾಗಿ ಬೆಳೆದರು. ಅಂಥವರ ಪಾಲಿಗೆ ಅಮ್ಮನೋ, ಅಜ್ಜಿಯೋ, ಪಕ್ಕದ ಮನೆಯವರೋ, ನಂಬಬಹುದಾದ ಒಬ್ಬರಾದರೂ ಇದ್ದರು. ಫೋನ್ ಎತ್ತುವವರು ಇದ್ದರು ಅಂತ ಅಲ್ವಾ ಅರ್ಥ?

ಬಂಡೆ ಹತ್ತುವಾಗಲೂ ಅಷ್ಟೇ. ಕೆಳಗೆ ಹಗ್ಗ ಹಿಡಿದವರ ಮೇಲೆ ನಂಬಿಕೆ ಇದ್ದರೆ ಮಗು ಇವತ್ತು ನಾಲ್ಕು ಅಡಿ, ನಾಳೆ ಎಂಟು ಅಡಿ ಹತ್ತುತ್ತದೆ. ಸುಮ್ನೆ ತಳ್ಳಿದರೆ ಭಯ ಇನ್ನೂ ಗಟ್ಟಿಯಾಗಬಹುದು.

ಕ್ಯಾಂಪಿಗೆ ಸೇರಿಸುವ ಮುಂಚೆ ಇಷ್ಟು ಕೇಳಿ: ಹಗ್ಗ ಹಿಡಿಯುವವರಿಗೆ ತರಬೇತಿ ಆಗಿದೆಯಾ? ಮಗು "ಸಾಕು" ಅಂದರೆ ಇಳಿಸುತ್ತೀರಾ? ರಾತ್ರಿ ಮನೆಗೆ ಮಾತಾಡಬಹುದಾ?