ಸೆಂಟ್ರಲ್ಲೋ, ಜಂಕ್ಷನ್ನೋ? ಮಂಗಳೂರಿನ ರೈಲುಗಳೆಲ್ಲ ಪಡೀಲಿಗೇ ಹೋಗಬೇಕಾ?

ಮಂಗಳೂರಿಗೆ ಎರಡು ಸ್ಟೇಷನ್: ಪೇಟೆಯೊಳಗಿನ ಸೆಂಟ್ರಲ್, ಹೊರವಲಯದ ಪಡೀಲಿನ ಜಂಕ್ಷನ್.

ಪರ

ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಬಂದದ್ದು ತೆಂಕಣದಿಂದ. ಕಲ್ಲಿಕೋಟೆ, ಕಣ್ಣೂರು, ಕಾಸರಗೋಡು ದಾಟಿ, ನೇತ್ರಾವತಿಗೆ ಸೇತುವೆ ಕಟ್ಟಿ ಮದ್ರಾಸ್ ರೈಲ್ವೆಯವರು ಹಳಿಯನ್ನು ಪೇಟೆಯ ಬಾಗಿಲಿಗೆ ತಂದರು. ಹಳಿ ಅಲ್ಲಿಗೇ, ಅಂದರೆ ಈಗಿನ ಸೆಂಟ್ರಲ್‌ನಲ್ಲೇ ಮುಗಿಯಿತು. ಆ ಕಾಲಕ್ಕೆ ಅದು ಸರಿಯಾಗಿಯೇ ಇತ್ತು. ಉಡುಪಿ ಕಡೆಗೆ ರೈಲಿಲ್ಲ, ಘಟ್ಟ ಹತ್ತುವ ರೈಲೂ ಇಲ್ಲ. ಬೆಂಗಳೂರಿಗೆ ರೈಲಲ್ಲೇ ಹೋಗುತ್ತೇನೆ ಅಂದವರು ಶೊರನೂರು, ಪಾಲಕ್ಕಾಡು, ಸೇಲಂ, ಜೋಲಾರಪೇಟೆ ಅಂತ ಸುತ್ತಿ ಸುತ್ತಿ ಹೋಗಬೇಕಿತ್ತು. ಒಂದೆರಡು ವರ್ಷವಲ್ಲ, 70 ವರ್ಷಕ್ಕೂ ಜಾಸ್ತಿ ಹೀಗೇ ನಡೆಯಿತು.

1979ರಲ್ಲಿ ಹಾಸನದ ಮೀಟರ್ ಗೇಜ್ (ಕಿರಿದಾದ) ಹಳಿ ಬಂತು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ 55 ಕಿಲೋಮೀಟರಿನಲ್ಲೇ 57 ಸುರಂಗ! ಅದನ್ನು ಅಗಲವಾದ ಬ್ರಾಡ್ ಗೇಜ್ ಮಾಡಲು ಹೊರಟು ಹತ್ತು ವರ್ಷಕ್ಕಿಂತ ಜಾಸ್ತಿ ಬೆಂಗಳೂರಿಗೆ ರೈಲೇ ಇಲ್ಲದ ಹಾಗಾಯಿತು. ಮತ್ತೆ ಪ್ರಯಾಣಿಕರ ರೈಲು ಶುರುವಾದದ್ದು 2007ರ ಡಿಸೆಂಬರಿನಲ್ಲಿ. ಇದರ ನಡುವೆ, 1993ರ ಮಾರ್ಚಿನಲ್ಲಿ ಉಡುಪಿಗೆ ಕೊಂಕಣ ರೈಲು ಬಂತು. 1998ರಲ್ಲಿ ಮುಂಬೈಗೂ ದಾರಿಯಾಯಿತು.

ಈ ಮೂರೂ ದಾರಿಗಳು ಕೂಡುವುದು ಪೇಟೆ ನಡುವಿನ ಹಂಪನಕಟ್ಟೆಯಲ್ಲಲ್ಲ, ಪಡೀಲಿನ ಆಸುಪಾಸಿನಲ್ಲಿ. ಹೊರವಲಯದ ಸಣ್ಣ ಕಂಕನಾಡಿ ಸ್ಟೇಷನ್ ಮಂಗಳೂರು ಜಂಕ್ಷನ್ ಆಗಿ ಬೆಳೆದದ್ದು ಇದೇ ಕಾರಣಕ್ಕೆ. ನೇತ್ರಾವತಿ, ಮಂಗಳಾ, ರಾಜಧಾನಿ ಎಕ್ಸ್‌ಪ್ರೆಸ್‌ಗಳು ಸೆಂಟ್ರಲ್ ಕಡೆ ತಲೆ ಹಾಕುವುದಿಲ್ಲ. ಹೋದರೆ ಎಂಜಿನ್ ಬಿಚ್ಚಬೇಕು, ಇನ್ನೊಂದು ತುದಿಗೆ ತರಬೇಕು, ಜೋಡಿಸಬೇಕು, ಬ್ರೇಕ್ ಪರೀಕ್ಷೆ ಮಾಡಬೇಕು, ಆಮೇಲೆ ಬಂದ ದಾರಿಯಲ್ಲೇ ವಾಪಸ್ ಹೊರಡಬೇಕು. ಜಂಕ್ಷನ್ ಮೇಲೇ ಹೋದರೆ ಅಷ್ಟು ಹೊತ್ತಿಗೆ ಅದೇ ರೈಲು ಸುರತ್ಕಲ್ ದಾಟಿರುತ್ತದೆ.

ಸೆಂಟ್ರಲ್‌ಗೆ ಬೆಳೆಯಲು ಜಾಗವಾದರೂ ಎಲ್ಲಿದೆ? ಒಂದು ಕಡೆ ಅತ್ತಾವರ, ಇನ್ನೊಂದು ಕಡೆ ಹಂಪನಕಟ್ಟೆ. ನಾಲ್ಕು, ಐದನೇ ಪ್ಲಾಟ್‌ಫಾರ್ಮ್ ಬರಲು ಇಷ್ಟು ವರ್ಷ ಕಾಯಬೇಕಾಯಿತು. ಪ್ಲಾಟ್‌ಫಾರ್ಮ್ ಖಾಲಿ ಇಲ್ಲ ಅಂತ ಊರಿನ ಅಂಚಿನಲ್ಲಿ ರೈಲು ನಿಂತಿರುವಾಗ, ಒಳಗೆ ಎಲ್ಲರೂ ಬ್ಯಾಗ್ ಹೆಗಲಿಗೇರಿಸಿ ಬಾಗಿಲ ಹತ್ತಿರ ಬೆವರು ಸುರಿಸುತ್ತಾ ನಿಂತಿರುತ್ತಾರೆ. ಪಡೀಲಿನಲ್ಲಿ ಪಕ್ಕದಲ್ಲೇ ಬೆಂಗಳೂರು ಹೆದ್ದಾರಿ. ಜಿಲ್ಲಾಧಿಕಾರಿ ಕಚೇರಿಯ ಹೊಸ ಕಟ್ಟಡವೂ ಅಲ್ಲೇ ಬಂದಿದೆ. ಊರು ಆ ಕಡೆಗೇ ಬೆಳೆಯುತ್ತಿರುವಾಗ 1907ರಲ್ಲಿ ಹಳಿ ಮುಗಿದ ಜಾಗಕ್ಕೇ ಎಲ್ಲ ರೈಲನ್ನೂ ತಂದು ತುಂಬಿಸುವುದು ಯಾಕೆ?

ವಿರೋಧ

ಮೇಲೆ ಬರೆದವರು ಹೇಳಿದ ಚರಿತ್ರೆ ಸರಿ. ಉಡುಪಿಯಿಂದ ಕೇರಳಕ್ಕೆ ಹೋಗುವ ರೈಲು ಸೆಂಟ್ರಲ್‌ಗೆ ಬಂದು ತಿರುಗಿ ಹೋಗಲಿ ಅಂತ ಯಾರೂ ಹಟ ಹಿಡಿಯಬೇಕಾಗಿಲ್ಲ. ಅದು ಜಂಕ್ಷನ್ ಮೇಲೇ ಹೋಗಲಿ. ಆದರೆ ಮಂಗಳೂರಿನಲ್ಲೇ ಹೊರಟು ಮಂಗಳೂರಿನಲ್ಲೇ ನಿಲ್ಲುವ ರೈಲುಗಳ ವಿಷಯ ಬೇರೆ. ಅದನ್ನೂ ಇದನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಬೆಳಗ್ಗೆ ಕಾಸರಗೋಡು ಕಡೆಯ ಪ್ಯಾಸೆಂಜರ್ ಬಂದು ನಿಂತಾಗ ಸೆಂಟ್ರಲ್‌ನಲ್ಲಿ ಇಳಿಯುವವರನ್ನು ಒಮ್ಮೆ ನೋಡಿ. ಕುಂಬಳೆ, ಉಪ್ಪಳ, ಮಂಜೇಶ್ವರದಿಂದ ಬರುವ ಕಾಲೇಜು ಮಕ್ಕಳು, ನರ್ಸ್‌ಗಳು, ಅಂಗಡಿಗಳಲ್ಲಿ ಕೆಲಸ ಮಾಡುವ ಹುಡುಗಿಯರು. ಎಕ್ಸ್‌ರೇ ಕವರ್ ಕಂಕುಳಲ್ಲಿ ಇಟ್ಟುಕೊಂಡು, ಅಮ್ಮನ ಕೈ ಹಿಡಿದು ನಿಧಾನಕ್ಕೆ ನಡೆಸಿಕೊಂಡು ಹೋಗುವ ಮಗ. ಅವರು ಹೋಗುವುದು ವೆನ್‌ಲಾಕ್ ಆಸ್ಪತ್ರೆಗೆ. ಸ್ಟೇಷನ್‌ನಿಂದ ನಡೆದೇ ಹೋಗಬಹುದು. ಸ್ಟೇಟ್‌ಬ್ಯಾಂಕ್ ಬಸ್ ಸ್ಟ್ಯಾಂಡ್ ಕೂಡ ದೂರವಿಲ್ಲ, ಅಲ್ಲಿಂದ ಜಿಲ್ಲೆಯ ಯಾವ ಮೂಲೆಗೆ ಬೇಕಾದರೂ ಬಸ್ ಸಿಗುತ್ತದೆ. ಇದೇ ರೈಲು ಪಡೀಲಿನಲ್ಲಿ ನಿಂತುಬಿಟ್ಟರೆ ಇವರೆಲ್ಲ ಮತ್ತೊಂದು ಬಸ್ ಹಿಡಿದು ಪೇಟೆಗೆ ವಾಪಸ್ ಬರಬೇಕು. ಸೀಸನ್ ಟಿಕೆಟ್‌ನಲ್ಲಿ ಉಳಿಸಿದ ದುಡ್ಡು ಆ ಬಸ್ಸಿಗೇ ಹೋಗುತ್ತದೆ.

ರಾತ್ರಿ ಹೊತ್ತಿನಲ್ಲಂತೂ ಕೇಳುವುದೇ ಬೇಡ. ಜಂಕ್ಷನ್‌ನಲ್ಲಿ ಇಳಿದು ಹೊರಗೆ ಬಂದರೆ ಸಿಟಿ ಬಸ್ ಇಲ್ಲ, ಆಟೋದವರು ಮೀಟರ್ ಹಾಕುವುದಿಲ್ಲ, ಹೇಳಿದ್ದೇ ರೇಟು. ಮಳೆಗಾಲದಲ್ಲಿ ಎರಡು ಬ್ಯಾಗ್, ಒಂದು ಮಗು ಎತ್ತಿಕೊಂಡು ನಿಂತ ಹೆಂಗಸು ಚೌಕಾಸಿ ಮಾಡುವ ಸ್ಥಿತಿಯಲ್ಲಿ ಇರುತ್ತಾಳಾ? ಮುಂಬೈನ ಸಿಎಸ್‌ಎಂಟಿ ಸ್ಟೇಷನ್‌ನಿಂದ ಬರುವ ರೈಲು ಜಂಕ್ಷನ್‌ಗೇ ನಿಲ್ಲುತ್ತದೆ, ಅದನ್ನು ಸೆಂಟ್ರಲ್‌ವರೆಗೆ ತನ್ನಿ ಅಂತ ಜನ ಕೇಳುತ್ತಾ ಬಂದದ್ದು ಸುಮ್ನೆ ಅಲ್ಲ.

ಊರಿನಾಚೆ ಸ್ಟೇಷನ್ ಇದ್ದರೆ ಏನಾಗುತ್ತದೆ ಅಂತ ನಮಗೆ ಗೊತ್ತಿಲ್ಲವಾ? ಕೊಂಕಣ ರೈಲು ಉಡುಪಿಯಲ್ಲಿ ಇಂದ್ರಾಳಿಗೆ ಬಂತು, ಕುಂದಾಪುರಕ್ಕೆ ಅಂತ ಮೂಡ್ಲಕಟ್ಟೆಗೆ ಬಂತು. ಹೊಸ ಹಳಿ ಹಾಕುವಾಗ ಊರೊಳಗೆ ಜಾಗ ಸಿಗುವುದಿಲ್ಲ, ಅದು ಅರ್ಥವಾಗುವ ಮಾತು. ಆದರೆ ಬೆಳಗಿನ ಜಾವ ಮೂಡ್ಲಕಟ್ಟೆಯಲ್ಲಿ ಇಳಿದು ಪೇಟೆ ತಲುಪುವ ಪಾಡನ್ನು ಕುಂದಾಪುರದವರ ಹತ್ತಿರ ಕೇಳಿ. ಅಲ್ಲಿ ಬೇರೆ ದಾರಿ ಇರಲಿಲ್ಲ. ಇಲ್ಲಿ ಪೇಟೆಯೊಳಗೇ ಇರುವ ಸ್ಟೇಷನ್ನನ್ನು ನಾವಾಗೇ ಬಿಟ್ಟುಕೊಡಬೇಕಂತೆ!

ಇನ್ನು ತಡವಾಗುವುದರ ಬಗ್ಗೆ. ಸೆಂಟ್ರಲ್‌ಗೂ, ಸೆಂಟ್ರಲ್ ಮತ್ತು ಜಂಕ್ಷನ್ ಹಳಿಗಳು ಕವಲೊಡೆಯುವ ನೇತ್ರಾವತಿ ಕ್ಯಾಬಿನ್‌ಗೂ ನಡುವೆ ದಶಕಗಳ ಕಾಲ ಇದ್ದದ್ದು ಒಂದೇ ಹಳಿ. ಬರುವ ರೈಲು ಹೋಗುವ ರೈಲಿಗೆ ಕಾಯಲೇಬೇಕಿತ್ತು. ಅದು ಹಳಿ ಕಡಿಮೆ ಇದ್ದದ್ದರ ತೊಂದರೆ, ಸ್ಟೇಷನ್ ಪೇಟೆಯಲ್ಲಿ ಇದ್ದದ್ದರ ತೊಂದರೆಯಲ್ಲ. ಜೊತೆಗೆ ನಮ್ಮ ಎರಡೂ ಸ್ಟೇಷನ್ ದಕ್ಷಿಣ ರೈಲ್ವೆಯ ಪಾಲಕ್ಕಾಡು ವಿಭಾಗಕ್ಕೆ ಸೇರಿವೆ, ಪಡೀಲು ದಾಟಿದರೆ ನೈಋತ್ಯ ರೈಲ್ವೆಯ ಮೈಸೂರು ವಿಭಾಗ, ತೋಕೂರು ದಾಟಿದರೆ ಕೊಂಕಣ ರೈಲ್ವೆ. ಒಂದು ಹೊಸ ರೈಲು ಬೇಕು ಅಂದರೆ ಎಷ್ಟು ಕಡೆ ಒಪ್ಪಿಗೆ ಬೇಕು ಯೋಚಿಸಿ. ರೈಲುಗಳನ್ನೆಲ್ಲ ಪಡೀಲಿಗೆ ಸಾಗಿಸಿದರೆ ಈ ಎಳೆದಾಟ ಒಂದು ಚೂರೂ ಕಡಿಮೆಯಾಗುವುದಿಲ್ಲ.

ಮತ್ಸ್ಯಗಂಧ ಇವತ್ತಿಗೂ ಸೆಂಟ್ರಲ್‌ನಿಂದಲೇ ಮುಂಬೈಗೆ ಹೊರಡುತ್ತದೆ. 2023ರ ಕೊನೆಗೆ ಬಂದ ಮಡಗಾಂವ್ ವಂದೇ ಭಾರತ್ ಕೂಡ ಅಲ್ಲಿಂದಲೇ. ಉತ್ತರದ ರೈಲುಗಳನ್ನು ಸೆಂಟ್ರಲ್‌ನಿಂದ ಓಡಿಸಲು ಆಗುತ್ತದೆ ಅಂತ ಇದರಲ್ಲೇ ಗೊತ್ತಾಗುತ್ತದಲ್ವಾ? ಹಾಗಾಗಿ ಮೊದಲು ಸಿಎಸ್‌ಎಂಟಿ ರೈಲು ಸೆಂಟ್ರಲ್‌ವರೆಗೆ ಬರಲಿ. ಜಂಕ್ಷನ್‌ನಲ್ಲಿ ಪ್ರಿಪೇಯ್ಡ್ ಆಟೋ ಕೌಂಟರ್ ರಾತ್ರಿಯಿಡೀ ತೆರೆದಿರಲಿ, ರೈಲು ಬರುವ ಹೊತ್ತಿಗೆ ಸರಿಯಾಗಿ ಸ್ಟೇಟ್‌ಬ್ಯಾಂಕ್‌ಗೆ ಒಂದು ಸಿಟಿ ಬಸ್ ನಿಂತಿರಲಿ.