ಒಣಗದ ಗೀ ಒಳ್ಳೆಯ ಗೀ ಅಲ್ಲ

ಹೋದ ವಾರ ನಮ್ಮ ಬ್ರೆಜಿಲಿಯನ್ ಜಿಯು-ಜಿತ್ಸು ಕ್ಲಾಸಿಗೆ ಹೊಸದಾಗಿ ಸೇರಿದ ಹುಡುಗನೊಬ್ಬನ ತಂದೆ ಫೋನ್ ಮಾಡಿದ್ದರು. ಹೊಸನಗರದ ಕಡೆಯವರು, ಅಡಿಕೆ ತೋಟ ಇದೆ. ಮಗ ಶಿವಮೊಗ್ಗದಲ್ಲಿ ರೂಮು ಮಾಡಿಕೊಂಡು ಡಿಪ್ಲೊಮಾ ಓದುತ್ತಿದ್ದಾನೆ. "ಮೇಡಂ, ಇವ್ನು ಆ ಕುಸ್ತಿ ಬಟ್ಟೆಗೆ ಎಂಟು ಸಾವಿರ ಕೇಳ್ತಿದಾನೆ. ಅಷ್ಟು ಬೇಕೇ ಬೇಕಾ? ಬೇಕು ಅಂದ್ರೆ ಕೊಡ್ಸ್ತೀನಿ, ನೀವು ಹೇಳಿದ್ರೆ ಸಾಕು" ಅಂದರು. ಕುಸ್ತಿ ಬಟ್ಟೆ ಅಂದರೆ ಗೀ, ಅಭ್ಯಾಸಕ್ಕೆ ತೊಡುವ ದಪ್ಪ ಹತ್ತಿಯ ಜಾಕೆಟ್ಟು, ಪ್ಯಾಂಟು. ಅವರು ಕೇಳಿದ್ದು ಜಿಪುಣತನದ ಮಾತಲ್ಲ. ಗೊತ್ತಿಲ್ಲದ ವಸ್ತುವಿಗೆ ದುಡ್ಡು ಹಾಕುವಾಗ ಯಾರಿಗಾದರೂ ಆಗುವ ಅಳುಕು. ಫೋನಿನಲ್ಲಿ ಎರಡು ಮಾತು ಹೇಳಿದೆ. ಆದರೆ ಈ ಪ್ರಶ್ನೆ ಪದೇ ಪದೇ ಬರುತ್ತದೆ. ಬೆಂಗಳೂರಿನಲ್ಲಿ ನನಗೆ ಸಿಕ್ಕಿದ್ದ ಉತ್ತರ ನಮ್ಮ ಮಲೆನಾಡಿಗೆ ಹೊಂದುವುದಿಲ್ಲ ಅನ್ನುವುದನ್ನು ನಾನು ದುಡ್ಡು ಕಳೆದುಕೊಂಡೇ ಕಲಿತಿದ್ದೇನೆ. ಹಾಗಾಗಿ ಉದ್ದವಾದರೂ ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಮೊದಲು ಸ್ವಲ್ಪ ಹಿನ್ನೆಲೆ. ಜಪಾನಿನ ಹಳೆಯ ಜುಜುತ್ಸುವಿನಿಂದ ಜಿಗೊರೊ ಕಾನೊ 1882ರಲ್ಲಿ ಜೂಡೊ ಕಟ್ಟಿದರು. ಅವರ ಕೊಡೊಕಾನ್ ಶಾಲೆಯಲ್ಲಿ ಪಳಗಿದ ಮಿತ್ಸುಯೊ ಮಾಯೆದಾ ದೇಶದೇಶ ಸುತ್ತಿ 1914ರಲ್ಲಿ ಬ್ರೆಜಿಲಿಗೆ ಹೋದರು, ಬೆಲೆಂ ಊರಿನಲ್ಲಿ ಕಲಿಸಿದರು. ಅಲ್ಲಿ ಕಲಿತವರಲ್ಲಿ ಕಾರ್ಲೋಸ್ ಗ್ರೇಸಿ ಒಬ್ಬರು. ಅವರೂ ತಮ್ಮ ಎಲಿಯೊ ಗ್ರೇಸಿಯೂ ನೆಲದ ಮೇಲಿನ ಹಿಡಿತಗಳನ್ನೇ ಮುಖ್ಯ ಮಾಡಿಕೊಂಡು ಬೆಳೆಸಿದ್ದು ಬ್ರೆಜಿಲಿಯನ್ ಜಿಯು-ಜಿತ್ಸು. 1993ರ ನವೆಂಬರಿನಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ನಡೆದ, ಬೇರೆ ಬೇರೆ ಕಾಳಗದ ವಿದ್ಯೆಯವರನ್ನು ಎದುರುಬದುರು ನಿಲ್ಲಿಸುವ ಪಂದ್ಯವಾದ ಮೊದಲ ಯುಎಫ್‌ಸಿಯಲ್ಲಿ ಎಲಿಯೊ ಅವರ ಮಗ ರೋಯ್ಸ್ ಗ್ರೇಸಿ ಬಿಳಿ ಗೀ ತೊಟ್ಟುಕೊಂಡೇ ತನಗಿಂತ ದಪ್ಪನೆಯವರನ್ನು ಸೋಲಿಸಿದ ಮೇಲೆ ಜಗತ್ತಿಗೆ ಇದರ ಪರಿಚಯವಾಯಿತು.

ನಮ್ಮ ದೊಡ್ಡಪ್ಪ ಹರೆಯದಲ್ಲಿ ಗರಡಿಯಲ್ಲಿ ಸಾಮು ಮಾಡಿದವರು, ಜಾತ್ರೆಗಳಲ್ಲಿ ಜೋಡಿ ಕಟ್ಟಿ ಆಡಿದವರು. ಅವರಿಗೆ ಮೊದಲ ಸಲ ನಮ್ಮ ಅಭ್ಯಾಸದ ವಿಡಿಯೊ ತೋರಿಸಿದಾಗ ಮೊಬೈಲನ್ನು ದೂರ ಹಿಡಿದು ನೋಡಿ, "ಬೆನ್ನು ಮಣ್ಣು ಮುಟ್ಟಿದ ಮೇಲೆ ಇನ್ನೆಂಥ ಆಟ ಮಗಾ?" ಅಂದರು. ಕುಸ್ತಿಯಲ್ಲಿ ಚಿತ್ ಆದರೆ ಮುಗಿಯಿತು. ಇಲ್ಲಿ ಬೆನ್ನ ಮೇಲೆ ಬಿದ್ದವರು ಎದುರಿನವರನ್ನು ಕಾಲುಗಳ ನಡುವೆ ಕಟ್ಟಿಹಾಕಿಕೊಂಡು ಅಲ್ಲಿಂದಲೇ ಆಟ ಶುರು ಮಾಡುತ್ತಾರೆ. ಅದನ್ನು ಒಪ್ಪಿಕೊಳ್ಳಲು ಅವರಿಗೆ ಸ್ವಲ್ಪ ದಿನ ಬೇಕಾಯಿತು. ಅವರ ಎರಡನೇ ಪ್ರಶ್ನೆ ಇನ್ನೂ ಚೆನ್ನಾಗಿತ್ತು: "ಅಷ್ಟು ದಪ್ಪ ಕೋಟು ಯಾಕೆ? ಬಟ್ಟೆ ಇದ್ರೆ ಎದುರಿನವನಿಗೆ ಹಿಡಿಯಕ್ಕೆ ಸಿಗಲ್ವಾ?"

ಸಿಗಲಿ ಅಂತಲೇ, ದೊಡ್ಡಪ್ಪ.

ಹೊಸಬರಿಗೆ ನಾನು ಮೊದಲು ಹೇಳುವುದೂ ಇದನ್ನೇ. ಬೇರೆ ಎಲ್ಲ ಬಟ್ಟೆಯನ್ನೂ ನಾವು ನಮಗಾಗಿ ಹಾಕಿಕೊಳ್ಳುತ್ತೇವೆ. ಗೀಯ ಕಾಲರು ಎದುರಿನವರ ಮುಷ್ಟಿಯಲ್ಲಿರುತ್ತದೆ, ತೋಳು ಅವರ ಬೆರಳುಗಳಲ್ಲಿರುತ್ತದೆ, ಎದೆಯ ಭಾಗ ಎಷ್ಟೋ ಹೊತ್ತು ಅವರ ಮುಖದ ಮೇಲಿರುತ್ತದೆ. ನಾನು ಮೇಲೆ ಕೂತಿದ್ದಾಗ ಕೆಳಗಿರುವ ಹುಡುಗಿ ಉಸಿರಾಡುವುದು ನನ್ನ ಜಾಕೆಟ್ಟಿನ ಮೂಲಕ. ಅದು ಮುಗ್ಗಲು ವಾಸನೆ ಹೊಡೆಯುತ್ತಿದ್ದರೆ ಅದನ್ನು ಅನುಭವಿಸುವವಳು ಅವಳು. ಗೀ ಆರಿಸುವಾಗ ಬ್ರಾಂಡು, ಕಸೂತಿ, ಬೆನ್ನ ಮೇಲಿನ ಹುಲಿ ಚಿತ್ರಕ್ಕಿಂತ ಮುಂಚೆ ಈ ಮಾತು ತಲೆಯಲ್ಲಿರಬೇಕು.

ನನ್ನ ಮೊದಲ ಗೀ ಆನ್‌ಲೈನಿನಲ್ಲಿ ತರಿಸಿದ್ದು. ಆಗ ಬೆಂಗಳೂರಿನಲ್ಲಿ ಕೆಲಸ, ಅಲ್ಲೇ ಕಲಿಕೆ. ದಪ್ಪ ಇದ್ದಷ್ಟೂ ಬಾಳಿಕೆ ಅಂದರು ಎಲ್ಲರೂ, ನಾನೂ 550 ಜಿಎಸ್‌ಎಂನದು ಕೊಂಡೆ. ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಅನ್ನುವ ಲೆಕ್ಕ. ಬೆಂಗಳೂರಿನ ತಾರಸಿಯ ಬಿಸಿಲಿಗೆ ಅದು ಒಂದೇ ದಿನಕ್ಕೆ ಒಣಗುತ್ತಿತ್ತು, ಯಾವ ತಕರಾರೂ ಇರಲಿಲ್ಲ. ಆಮೇಲೆ ಕೆಲಸ ಶಿವಮೊಗ್ಗಕ್ಕೆ ಬಂತು. ಮಂಡಗದ್ದೆ ಹತ್ತಿರದ ನಮ್ಮ ಮನೆಯಿಂದಲೇ ಓಡಾಡತೊಡಗಿದೆ. ಜೂನ್ ಬಂತು.

ಮಲೆನಾಡಿನ ಮಳೆಗಾಲ ಗೊತ್ತಿಲ್ಲದವರಿಗೆ ಒಂದು ಅಂಕಿ ಹೇಳುತ್ತೇನೆ. ನಮ್ಮ ತಾಲೂಕಿನ ಇನ್ನೊಂದು ತುದಿಯಲ್ಲಿರುವ ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆಯೇ 7,000 ಮಿ.ಮೀ. ದಾಟುತ್ತದೆ. ನಮ್ಮಲ್ಲಿ ಅಷ್ಟಿಲ್ಲ. ಆದರೂ ಜುಲೈನಲ್ಲಿ ತೆಳ್ಳನೆಯ ಟವೆಲ್ಲಿಗೇ ಎರಡು ದಿನ ಬೇಕು. ಆ ಗೀ ತೊಳೆದು ಹಿಂಡಿದ ಮೇಲೂ ಮಳೆಯಲ್ಲಿ ನೆನೆದ ಕಂಬಳಿಯಷ್ಟು ಭಾರ ಇರುತ್ತಿತ್ತು. ಸೋಮವಾರ ರಾತ್ರಿ ತೊಳೆದು ಹಾಕಿದ್ದು ಬುಧವಾರ ಸಂಜೆಯ ಕ್ಲಾಸಿಗೆ ಮೈಯೆಲ್ಲ ಒಣಗಿದ ಹಾಗೆ ಕಂಡರೂ ಕಾಲರು ಹಿಸುಕಿದರೆ ತಣ್ಣಗೆ. ಮೂರನೇ ವಾರಕ್ಕೆ ಕಾಲರಿನ ಹೊಲಿಗೆಯ ಉದ್ದಕ್ಕೂ ಸಾಸಿವೆ ಕಾಳಿನಂಥ ಕಪ್ಪು ಚುಕ್ಕೆ. ಬೂಷ್ಟು. ಬ್ರಷ್ಷಿನಲ್ಲಿ ಉಜ್ಜಿದರೆ ಹೊರಗಿನದು ಹೋಯಿತು, ಮತ್ತೆ ಒಳಗಿಂದ ಬಂತು. ಟೈಲರ್ ಹತ್ತಿರ ಒಂದು ಕಡೆ ಬಿಚ್ಚಿಸಿ ನೋಡಿದಾಗ ಗೊತ್ತಾಯಿತು: ಕಾಲರಿನೊಳಗೆ ಪದರ ಪದರವಾಗಿ ಮಡಿಸಿದ ಹತ್ತಿ ಬಟ್ಟೆ ತುಂಬಿದ್ದರು. ಅದು ಸ್ಪಂಜಿನ ಹಾಗೆ ನೀರು ಕುಡಿದು ಕೂತಿತ್ತು. ಮಾರಿದವರ ವಿವರಣೆಯಲ್ಲಿ ಕಾಲರಿನೊಳಗೆ ರಬ್ಬರ್ ಫೋಮ್ ಇದೆ ಎಂದು ಬರೆದಿತ್ತು. ದೂರು ಕೊಟ್ಟೆ, ತೊಳೆದ ಮಾಲು ವಾಪಸ್ ತಗೊಳ್ಳುವುದಿಲ್ಲ ಅಂದರು.

ಅದೇ ಮಳೆಗಾಲದಲ್ಲಿ ನಮ್ಮ ಏಳು ಜನರ ಗುಂಪಿನಲ್ಲಿ ನಾಲ್ವರಿಗೆ ಹುಳುಕಡ್ಡಿ ಆಯಿತು. ಮೊದಲು ನನ್ನ ಮೊಣಕೈ ಒಳಗೆ, ನಾಲ್ಕಾಣೆ ಅಗಲದ ಕೆಂಪು ಬಳೆ. ಯಾರಿಂದ ಯಾರಿಗೆ ಹೋಯಿತು ಅಂತ ಹೇಳಲಿಕ್ಕಾಗುವುದಿಲ್ಲ, ಆದರೆ ನನ್ನ ಒದ್ದೆ ಗೀಯ ಪಾಲು ಅದರಲ್ಲಿತ್ತು ಎಂದೇ ನಾನು ನಂಬಿದ್ದೇನೆ. ಹುಳುಕಡ್ಡಿ ಅಂದರೆ ಹುಳವಲ್ಲ, ಶಿಲೀಂಧ್ರ. ಮೈಯಿಂದ ಮೈಗೆ, ಮ್ಯಾಟಿನಿಂದ, ಬಟ್ಟೆಯಿಂದ ಹರಡುತ್ತದೆ. ಒಬ್ಬ ಹುಡುಗ ಮೆಡಿಕಲ್ ಶಾಪಿನಲ್ಲಿ ಕೇಳಿ ಸ್ಟೀರಾಯ್ಡ್ ಬೆರೆತ ಮುಲಾಮು ತಂದು ಹಚ್ಚಿಕೊಂಡ. ಎರಡು ದಿನ ತುರಿಕೆ ನಿಂತಿತು, ಆಮೇಲೆ ಸೊಂಟದ ತುಂಬ ಹಬ್ಬಿತು. ಚರ್ಮದ ಡಾಕ್ಟರು ಅವನನ್ನು ಚೆನ್ನಾಗಿ ಬೈದರು. ಸ್ಟೀರಾಯ್ಡ್ ತುರಿಕೆಯನ್ನು ಅಡಗಿಸುತ್ತದೆ, ಜೊತೆಗೆ ಚರ್ಮ ತಾನೇ ಹೋರಾಡುವ ಶಕ್ತಿಯನ್ನೂ ಅಡಗಿಸುತ್ತದೆ, ಹಾಗಾಗಿ ಬೂಷ್ಟು ಒಳಗೊಳಗೇ ಬೆಳೆಯುತ್ತದೆ. ದಯವಿಟ್ಟು ಡಾಕ್ಟರಿಗೆ ತೋರಿಸಿ, ಪೂರ್ತಿ ವಾಸಿಯಾಗುವ ತನಕ ಕ್ಲಾಸಿಗೆ ಬರಬೇಡಿ. ಹಾಗೆ ಬರದೆ ಇದ್ದವರ ಮೇಲೆ ನನಗೆ ಗೌರವ ಹೆಚ್ಚು.

ಆಮೇಲೆ ನಾನು ಕೊಂಡದ್ದು ತೆಳುವಾದ ಪರ್ಲ್ ವೀವ್ ಗೀ, 350 ಜಿಎಸ್‌ಎಂ. ನೇಯ್ಗೆಯನ್ನು ಕಣ್ಣ ಹತ್ತಿರ ಹಿಡಿದರೆ ಸಾಲು ಸಾಲು ಸಣ್ಣ ಮುತ್ತು ಪೋಣಿಸಿದ ಹಾಗೆ ಕಾಣುತ್ತದೆ, ಹೆಸರೂ ಅದರಿಂದಲೇ ಬಂದದ್ದು. ಮುತ್ತುಗಳ ನಡುವೆ ಗಾಳಿ ಆಡುತ್ತದೆ. ಬೆರಳಿಗೆ ತರಿತರಿಯಾಗಿ ಸಿಗುತ್ತದೆ, ಆದರೆ ಡಬಲ್ ವೀವ್ ಅನ್ನುವ ಹಳೆಯ ದಪ್ಪ ನೇಯ್ಗೆಯ ಹಾಗೆ ಉಗುರ ಸಂದಿ ಸುಲಿಯುವುದಿಲ್ಲ. ಬೇಗ ಹರಿಯುತ್ತದೆ ಅಂತ ಹೆದರಿಸಿದ್ದರು. ವಾರಕ್ಕೆ ಎರಡು ಮೂರು ಸಲ ಹಾಕಿ ನಾಲ್ಕು ವರ್ಷ ಆಯಿತು, ಮೊಣಕಾಲ ಹತ್ತಿರ ಒಂದು ತೇಪೆ ಬಿಟ್ಟರೆ ಗಟ್ಟಿ ಇದೆ. ಜಿಎಸ್‌ಎಂ ಒಂದನ್ನೇ ನೋಡಿ ಬಾಳಿಕೆ ಅಳೆಯಬೇಡಿ. ಗೀ ಹರಿಯುವುದು ಕಂಕುಳಲ್ಲಿ, ಪಕ್ಕದ ಸೀಳಿನ ತುದಿಯಲ್ಲಿ, ಮೊಣಕಾಲಲ್ಲಿ, ಎರಡು ಕಾಲು ಕೂಡುವ ಜಾಗದಲ್ಲಿ. ಅಲ್ಲೆಲ್ಲ ಒಳಗಿಂದ ಎರಡನೇ ಪದರ ಕೊಟ್ಟು ಹೊಲಿದಿದ್ದಾರಾ ನೋಡಿ. ಕಾಲರನ್ನು ಬಗ್ಗಿಸಿ ಬಿಡಿ: ಒಳಗೆ ಫೋಮ್ ಇದ್ದರೆ ಪುಟಿದು ನೇರವಾಗುತ್ತದೆ, ಬಟ್ಟೆ ತುಂಬಿದ್ದರೆ ಮೆಲ್ಲಗೆ ಕುಸಿಯುತ್ತದೆ.

ಒಣಗಿಸುವುದನ್ನು ನನಗೆ ಕಲಿಸಿದ್ದು ಅಮ್ಮ. ಮೊದಲು ನಾನು ಹಗ್ಗದ ಮೇಲೆ ಮಡಿಸಿ ಹಾಕುತ್ತಿದ್ದೆ, ಮಡಿಕೆ ಬಿದ್ದಲ್ಲೆಲ್ಲ ನೀರು ನಿಲ್ಲುತ್ತಿತ್ತು. ಅಮ್ಮ ಬಂದು ಬಿದಿರಿನ ಗಳವನ್ನು ಒಂದು ತೋಳಿನಿಂದ ಇನ್ನೊಂದು ತೋಳಿಗೆ ತೂರಿಸಿ, ಜಾಕೆಟ್ಟನ್ನು ಕೈ ಚಾಚಿದ ಬೆರ್ಚಪ್ಪನ ಹಾಗೆ ನಿಲ್ಲಿಸಿ, ಬಚ್ಚಲೊಲೆಯಿಂದ ಒಂದು ಆಳೆತ್ತರಕ್ಕೆ ತೂಗುಹಾಕಿದರು. "ಒಲೆ ಉರೀತಿರುವಾಗ ಹಾಕ್ಬೇಡ್ವೇ, ಹೊಗೆ ಹತ್ತಿದ್ರೆ ಹೋಗಲ್ಲ. ಎಲ್ಲರ ಸ್ನಾನ ಮುಗೀಲಿ, ಕೆಂಡ ಆಗ್ಲಿ, ಆಗ ಹಾಕು" ಅಂದರು. ಹಾಕುವ ಮೊದಲು ಮೇಲಿನ ಇಲ್ಲಣ ಗುಡಿಸಿದರು. ರಾತ್ರಿಯಿಡೀ ಹಂಡೆಯ ಬಿಸಿ, ಕೆಂಡದ ಬಿಸಿ. ಬೆಳಿಗ್ಗೆ ಕಾಲರು ಕಿವಿಗಿಟ್ಟು ಹಿಸುಕಿದರೆ ಒಣ ಸದ್ದು. ಪೇಟೆಯ ಮನೆಗಳಲ್ಲಿ ಬಚ್ಚಲೊಲೆ ಇಲ್ಲ, ಒಪ್ಪುತ್ತೇನೆ. ಗಳ ಮತ್ತು ಒಂದು ಟೇಬಲ್ ಫ್ಯಾನ್ ಸಾಕು, ಗಾಳಿ ತೋಳೊಳಗೆ ಹೋಗಬೇಕು ಅಷ್ಟೆ.

ಅದೇ ರಾತ್ರಿ ತೊಳೆಯಿರಿ, ತಣ್ಣೀರಿನಲ್ಲಿ, ಒಳಗು ಹೊರಗು ಮಾಡಿ. ಬ್ಯಾಗಿನಲ್ಲಿ ಬೆಳಗಿನ ತನಕ ಬಿಡಬೇಡಿ. ಬ್ಲೀಚಿಂಗ್ ಹಾಕಿದರೆ ಹತ್ತಿ ನೂಲು ಸೋಲುತ್ತದೆ. ಬೆಲ್ಟನ್ನೂ ತೊಳೆಯಿರಿ. ತೊಳೆದರೆ ಕಲಿತ ವಿದ್ಯೆ ಹೋಗುತ್ತದೆ ಅನ್ನುವ ನಂಬಿಕೆ ಕೆಲವರಲ್ಲಿದೆ, ನಾನು ಒಪ್ಪುವುದಿಲ್ಲ. ಬೆವರಿದ ಮೈಗೆ ಸುತ್ತಿಕೊಳ್ಳುವ ಬಟ್ಟೆ ಅದು.

ಅಳತೆಯ ವಿಷಯ. ಅಂತರರಾಷ್ಟ್ರೀಯ ಒಕ್ಕೂಟ ಐಬಿಜೆಜೆಎಫ್ ನಿಯಮದಲ್ಲಿ ಕೈ ಮುಂದಕ್ಕೆ ಚಾಚಿದಾಗ ತೋಳಿನ ಅಂಚು ಮಣಿಕಟ್ಟಿನಿಂದ 5 ಸೆಂ.ಮೀ.ಗಿಂತ ಮೇಲೆ ಹೋಗುವಂತಿಲ್ಲ, ಪ್ಯಾಂಟೂ ಕಾಲಿನ ಗಂಟಿನಿಂದ ಅಷ್ಟೇ. ಬಣ್ಣ ಬಿಳಿ, ನೀಲಿ, ಕಪ್ಪು ಮಾತ್ರ. ಸ್ಪರ್ಧೆಗೆ ಹೋಗದಿದ್ದರೂ ಈ ಅಳತೆ ನ್ಯಾಯವಾದದ್ದು: ತೋಳು ಗಿಡ್ಡವಾದರೆ ಎದುರಿನವರಿಗೆ ಹಿಡಿತ ಸಿಗುವುದಿಲ್ಲ, ತೀರ ಉದ್ದವಾದರೆ ನಿಮ್ಮ ಕೈ ನಿಮಗೇ ಸಿಗುವುದಿಲ್ಲ. ಹತ್ತಿ ಕುಗ್ಗುತ್ತದೆ, ಮೊದಲೇ ಕುಗ್ಗಿಸಿದ್ದು ಅಂತ ಬರೆದಿದ್ದರೂ ಇನ್ನಷ್ಟು ಕುಗ್ಗುತ್ತದೆ. ಮೂರು ಸಲ ತೊಳೆಯದೆ ಟೈಲರ್ ಹತ್ತಿರ ಹೋಗಬೇಡಿ. ಗಾಂಧಿ ಬಜಾರಿನ ಒಳಗಲ್ಲಿಯಲ್ಲಿ ನನ್ನ ಪ್ಯಾಂಟು ಗಿಡ್ಡ ಮಾಡಿಕೊಟ್ಟ ಅಣ್ಣ ಮೊದಲ ಸೂಜಿ ಮುರಿದ ಮೇಲೆ ಬಟ್ಟೆಯನ್ನು ತಿರುಗಿಸಿ ತಿರುಗಿಸಿ ನೋಡಿ, "ಇದಕ್ಕೆ ಜೀನ್ಸ್ ಸೂಜೀನೇ ಆಗ್ಬೇಕಮ್ಮ" ಅಂದು, ಬೇರೆ ಸೂಜಿ ಹಾಕಿ ಎರಡು ಸಾಲು ಹೊಲಿದುಕೊಟ್ಟರು. ಇವತ್ತಿಗೂ ಬಿಚ್ಚಿಲ್ಲ.

ಹೆಣ್ಣುಮಕ್ಕಳಿಗೆ ಒಂದು ಮಾತು. ನಮಗೆಂದೇ ಹೊಲಿದ ಎಫ್ ಅಳತೆಗಳು ಈಗ ಸಿಗುತ್ತವೆ. ಗಂಡಸರ ಅಳತೆಯಲ್ಲಿ ಭುಜ ಇಳಿದು, ಎದೆಯ ಹತ್ತಿರ ಪದೇ ಪದೇ ತೆರೆದುಕೊಂಡು, ಅರ್ಧ ಗಮನ ಅದನ್ನು ಸರಿಮಾಡುವುದರಲ್ಲೇ ಹೋಗುತ್ತದೆ. ಒಳಗೆ ಮೈಗಂಟುವ ಬನಿಯನ್ನಿನಂಥ ರ್‍ಯಾಷ್‌ಗಾರ್ಡ್ ಹಾಕಿ. ನಮ್ಮ ಕ್ಲಾಸಿನಲ್ಲಿ ಗಂಡಸರಿಗೂ ಅದು ಕಡ್ಡಾಯ. ಚರ್ಮಕ್ಕೆ ಚರ್ಮ ತಾಗುವುದು ಕಡಿಮೆಯಾದಷ್ಟೂ ಹುಳುಕಡ್ಡಿ ಕಡಿಮೆ.

ಕರಾಟೆ ಡ್ರೆಸ್ಸಿನಲ್ಲಿ ಬರಬಹುದಾ ಅಂತ ಕೇಳುತ್ತಾರೆ. ಬೇಡ, ಮೊದಲ ದಿನವೇ ಕಾಲರು ಕಿತ್ತು ಬರುತ್ತದೆ. ಜೂಡೊ ಗೀ ನಡೆಯುತ್ತದೆ, ಮನೆಯಲ್ಲಿದ್ದರೆ ಅದನ್ನೇ ತನ್ನಿ. ಅಗಲ ತೋಳು, ಭಾರ ಹೆಚ್ಚು, ಒಣಗುವುದು ಇನ್ನೂ ತಡ, ಆದರೆ ಕಲಿಯಲು ಅಡ್ಡಿಯಿಲ್ಲ. ಇನ್ನು ಸೇರಿದ ದಿನವೇ ನಮ್ಮಲ್ಲೇ ಇಷ್ಟು ಸಾವಿರದ ಗೀ ಕೊಳ್ಳಬೇಕು ಎಂದು ಹೇಳುವ ಕಡೆ ನಾನೂ ಒಮ್ಮೆ ಸಿಕ್ಕಿಕೊಂಡಿದ್ದೆ. ಅದು ನನಗೆ ಇವತ್ತಿಗೂ ಸರಿ ಕಾಣುವುದಿಲ್ಲ. ಎಷ್ಟೋ ಜನ ಎರಡು ತಿಂಗಳಿಗೆ ಬಿಡುತ್ತಾರೆ. ಅದು ತಪ್ಪಲ್ಲ, ಎಲ್ಲರಿಗೂ ಎಲ್ಲವೂ ಒಗ್ಗುವುದಿಲ್ಲ. ಆದರೆ ತೋಟದ ದುಡ್ಡಿನಲ್ಲಿ ಕೊಂಡ ಗೀ ಕಬೋರ್ಡಿನಲ್ಲಿ ಬೂಷ್ಟು ಹಿಡಿಯಬಾರದು.

ನಮ್ಮ ಗುಂಪಿನಲ್ಲಿ ಮಾಡಿಕೊಂಡ ಏರ್ಪಾಡು ಹೀಗಿದೆ. ಸೋಮವಾರ, ಬುಧವಾರ ಗೀ. ಜೂನ್‌ನಿಂದ ಸೆಪ್ಟೆಂಬರ್ ತನಕ ಶುಕ್ರವಾರ ಗೀ ಇಲ್ಲದೆ, ರ್‍ಯಾಷ್‌ಗಾರ್ಡ್ ಮತ್ತು ಚಡ್ಡಿಯಲ್ಲೇ ಅಭ್ಯಾಸ. ಬುಧವಾರ ತೊಳೆದದ್ದಕ್ಕೆ ಮುಂದಿನ ಸೋಮವಾರದ ತನಕ ಸಮಯ ಸಿಗುತ್ತದೆ. ಹಾಗಾದರೆ ಗೀ ಪೂರ್ತಿ ಬಿಟ್ಟೇ ಬಿಡಬಹುದಲ್ಲ ಅಂತ ಕೆಲವರು ಕೇಳಿದರು. ನನಗೆ ಮನಸ್ಸಿಲ್ಲ. ನಮ್ಮೂರಲ್ಲಿ ವರ್ಷದ ಅರ್ಧ ಎಲ್ಲರ ಮೈಮೇಲೂ ಜರ್ಕಿನ್ ಅಥವಾ ಸ್ವೆಟರ್ ಇರುತ್ತದೆ. ಯಾರಾದರೂ ಕೈ ಮಾಡಿದರೆ ಹಿಡಿಯುವುದು ಕಾಲರನ್ನೇ. ಅದಕ್ಕಿಂತ ಮುಖ್ಯವಾಗಿ, ಬಟ್ಟೆಯ ಹಿಡಿತ ಆಟವನ್ನು ನಿಧಾನ ಮಾಡುತ್ತದೆ. ಬರೀ ಮೈಯಲ್ಲಾದರೆ ಬೆವರಿಗೆ ಜಾರಿ ಹೊರಬರಬಹುದು. ಕಾಲರು ಹಿಡಿದವರಿಂದ ಜಾರಲಾಗುವುದಿಲ್ಲ. ಒಂದೊಂದೇ ಬೆರಳು, ಒಂದೊಂದೇ ಹೆಜ್ಜೆ ಯೋಚಿಸಿ ಬಿಡಿಸಿಕೊಳ್ಳಬೇಕು. ಐವತ್ತು ಕೆಜಿಯ ನನ್ನಂಥವಳಿಗೆ ಎಂಬತ್ತು ಕೆಜಿಯವರ ಜೊತೆ ಯೋಚಿಸಲು ಸಮಯ ಸಿಗುವುದು ಅಲ್ಲೇ.

ಹೊಸನಗರದ ಆ ಯಜಮಾನರಿಗೆ ನಾನು ಹೇಳಿದ್ದು: ಎಂಟು ಸಾವಿರದ್ದು ಒಂದು ಬೇಡ. ಎರಡು ತಿಂಗಳು ಏನೂ ಕೊಳ್ಳಬೇಡಿ, ನಮ್ಮ ಹತ್ತಿರ ಕೊಡಲಿಕ್ಕೆಂದೇ ಇಟ್ಟ ಹಳೆಯ ಗೀ ಮೂರಿವೆ. ಅವನು ಉಳಿದರೆ ಮಳೆ ಶುರುವಾಗುವ ಮುಂಚೆ ತೆಳುವಾದ, ಚಿತ್ರವಿಲ್ಲದ, ಬಿಳಿಯ ಗೀ ಎರಡು ಕೊಡಿಸಿ, ಅದೇ ದುಡ್ಡಿನೊಳಗೆ ಆಗುತ್ತದೆ. ಬಿಳಿಯದರಲ್ಲಿ ಕೊಳೆ ಕಾಣುತ್ತದೆ, ಕಂಡರೆ ಹುಡುಗರು ತೊಳೆಯುತ್ತಾರೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಣಗ್ಸೋದು ನಮ್ಮ ಅಡಿಕೆ ಬೇಯ್ಸೋ ಒಲೆ ಹತ್ರ ಆಗುತ್ತೆ ಬಿಡಿ, ವಾರಕ್ಕೊಂದ್ಸಲ ಊರಿಗೆ ಬರ್ತಾನಲ್ಲ" ಅಂದರು. ಅಡಿಕೆ ಬೇಯಿಸುವ ಹೊತ್ತಿಗೆ ಮಳೆ ಮುಗಿದಿರುತ್ತದೆ, ಅಡಿಕೆಯ ಚೊಗರು ತಾಗಿದರೆ ಬಿಳಿ ಬಟ್ಟೆಯ ಕಲೆ ಜನ್ಮದಲ್ಲಿ ಹೋಗುವುದಿಲ್ಲ ಅಂದೆ. ನಕ್ಕರು.

ಹುಡುಗ ಸೋಮವಾರ ಬರುತ್ತಾನೆ. ಮೂರರಲ್ಲಿ ಎ2 ಅಳತೆಯದು ಅವನಿಗೆ ಆಗಬಹುದು, ಭುಜ ಸ್ವಲ್ಪ ಬಿಗಿಯಾದೀತು. ನಿನ್ನೆ ರಾತ್ರಿ ತೊಳೆದು ಗಳಕ್ಕೆ ಹಾಕಿದ್ದೇನೆ. ಕಾಲರು ಇನ್ನೂ ತಣ್ಣಗಿದೆ.